ಮಂಕು ಗ್ಯಾಲಕ್ಸಿಗಳ ಕಥೆ ಹೇಳುವ ಒಂದು ತಿರುವು

ಸಿಂಹ ರಾಶಿಯ ದಿಕ್ಕಿನಲ್ಲಿ, ನಮ್ಮಿಂದ ಸುಮಾರು 75 ಸಾವಿರ ಜ್ಯೋತಿರ್ವರ್ಷ ದೂರದಲ್ಲಿ, ಸೆಗ್ಯೂ 1 ಎಂಬ ಗ್ಯಾಲಕ್ಸಿ ಇದೆ. ಗ್ಯಾಲಕ್ಸಿ ಅಂದ ಕೂಡಲೇ ಸುರುಳಿ ತೋಳುಗಳು, ಕೋಟಿ ಕೋಟಿ ನಕ್ಷತ್ರಗಳು ಕಣ್ಮುಂದೆ ಬರುತ್ತವೆ, ಅಲ್ವಾ? ಇದರಲ್ಲಿ ಅದ್ಯಾವುದೂ ಇಲ್ಲ. ಇರುವುದು ಸಾವಿರದ ಆಸುಪಾಸಿನಷ್ಟು ನಕ್ಷತ್ರಗಳು. ಅವೆಲ್ಲ ಸೇರಿ ಕೊಡುವ ಬೆಳಕು ಸುಮಾರು 300 ಸೂರ್ಯರಷ್ಟು. ನಾವು ಬರಿಗಣ್ಣಲ್ಲಿ ನೋಡುವ ಆರ್ದ್ರಾ ನಕ್ಷತ್ರ ಒಂದೇ ಈ ಇಡೀ ಗ್ಯಾಲಕ್ಸಿಗಿಂತ ಹತ್ತಾರು ಪಟ್ಟು ಜಾಸ್ತಿ ಬೆಳಕು ಚೆಲ್ಲುತ್ತದೆ.

ಇಷ್ಟು ಚಿಕ್ಕದನ್ನು ಗ್ಯಾಲಕ್ಸಿ ಅಂತ ಯಾಕೆ ಕರೆಯಬೇಕು? ಎರಡು ಕಾರಣ. ಇದರ ನಕ್ಷತ್ರಗಳು ಓಡಾಡುವ ವೇಗ ನೋಡಿದರೆ, ಕಾಣುವ ನಕ್ಷತ್ರಗಳ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತೂಕ ಅಲ್ಲಿರಬೇಕು. ಅದು ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್. ಇನ್ನೊಂದು, ಅಲ್ಲಿನ ನಕ್ಷತ್ರಗಳಲ್ಲಿ ಕಬ್ಬಿಣದ ಪ್ರಮಾಣ ಒಂದೇ ಸಮ ಇಲ್ಲ. ಅಂದರೆ ಅವೆಲ್ಲ ಒಂದೇ ಮೋಡದಿಂದ ಒಂದೇ ಸಲ ಹುಟ್ಟಿದವಲ್ಲ. ಒಂದು ತಲೆಮಾರು ಹುಟ್ಟಿ, ಸತ್ತು, ತನ್ನ ಬೂದಿಯನ್ನು ಮುಂದಿನದಕ್ಕೆ ಬಿಟ್ಟುಹೋಗಿದೆ. ಚಿಕ್ಕದಾದರೂ ಇದಕ್ಕೊಂದು ಚರಿತ್ರೆ ಇದೆ.

ಆ ಚರಿತ್ರೆಯನ್ನು ಇಲ್ಲಿ ಕೂತು ಓದುವುದು ಹೇಗೆ? ಅಲ್ಲಿಗೆ ಹೋಗೋಕಾಗಲ್ಲ. ಒಂದು ನಕ್ಷತ್ರ ಹುಟ್ಟಿ ಸಾಯುವುದನ್ನು ಕಾದು ನೋಡೋಕೂ ಆಗಲ್ಲ. ಆದರೂ ಯಾವ ಗ್ಯಾಲಕ್ಸಿ ಯಾವ ಕಾಲದಲ್ಲಿ ಎಷ್ಟು ನಕ್ಷತ್ರ ಹುಟ್ಟಿಸಿತು, ಯಾವಾಗ ನಿಲ್ಲಿಸಿತು, ಮತ್ತೆ ಶುರು ಮಾಡಿತೇ ಎಂಬುದನ್ನು ಖಗೋಳ ವಿಜ್ಞಾನಿಗಳು ಲೆಕ್ಕ ಹಾಕಿ ಹೇಳುತ್ತಾರೆ. ನನಗೆ ಇಡೀ ಖಗೋಳ ವಿಜ್ಞಾನದಲ್ಲಿ ಅತಿ ಪ್ರಿಯವಾದ ಲೆಕ್ಕ ಇದು. ಯಾಕಂದರೆ ಇದರ ಮೂಲದಲ್ಲಿರುವ ಸಂಗತಿ ತುಂಬಾ ಸರಳ.

ದೊಡ್ಡ ನಕ್ಷತ್ರ ಬೇಗ ಸಾಯುತ್ತದೆ. ಚಿಕ್ಕ ನಕ್ಷತ್ರ ನಿಧಾನವಾಗಿ ಸಾಯುತ್ತದೆ.

ದೊಡ್ಡದರ ಬಳಿ ಇಂಧನ ಜಾಸ್ತಿ ಇರುತ್ತದಲ್ಲ, ಅದೇ ಹೆಚ್ಚು ದಿನ ಬಾಳಬೇಕು ಅನ್ನಿಸಬಹುದು. ಆದರೆ ಅದು ಖರ್ಚು ಮಾಡುವ ರೀತಿ ವಿಪರೀತ. ತೂಕ ಎರಡರಷ್ಟಾದರೆ ಬೆಳಕು ಹತ್ತು ಪಟ್ಟಿಗೂ ಮೀರುತ್ತದೆ. ಸೂರ್ಯ ತನ್ನ ಒಡಲಿನ ಜಲಜನಕವನ್ನು ಉರಿಸಿ ಮುಗಿಸಲು ಸುಮಾರು 1,000 ಕೋಟಿ ವರ್ಷ ಬೇಕು. ಅದರ ಎರಡರಷ್ಟು ತೂಗುವ ನಕ್ಷತ್ರಕ್ಕೆ 100 ಕೋಟಿ ವರ್ಷದ ಆಸುಪಾಸು ಸಾಕು. ಹತ್ತರಷ್ಟು ತೂಗುವುದು ಎರಡು ಮೂರು ಕೋಟಿ ವರ್ಷದಲ್ಲೇ ಸಿಡಿದುಹೋಗುತ್ತದೆ. ಇತ್ತ ಸೂರ್ಯನ ಅರ್ಧದಷ್ಟು ತೂಗುವ ನಕ್ಷತ್ರಗಳಿವೆ ನೋಡಿ, ಅವು ವಿಶ್ವದ ಆರಂಭದಲ್ಲಿ ಹುಟ್ಟಿದ್ದರೂ ಇವತ್ತಿಗೂ ಗಟ್ಟಿಯಾಗಿವೆ. ವಿಶ್ವದ ವಯಸ್ಸು 1,380 ಕೋಟಿ ವರ್ಷ. ಅವುಗಳ ಆಯುಷ್ಯ ಅದಕ್ಕಿಂತಲೂ ದೊಡ್ಡದು.

ಈಗ ಒಂದು ಗ್ರಾಫ್ ಬರೆಯೋಣ. ಒಂದು ಗ್ಯಾಲಕ್ಸಿಯ ನಕ್ಷತ್ರಗಳನ್ನು ಒಂದೊಂದಾಗಿ ಅಳೆಯಬೇಕು. ಎರಡು ಫಿಲ್ಟರ್ ಹಾಕಿ ಫೋಟೊ ತೆಗೆದರೆ ಪ್ರತಿ ನಕ್ಷತ್ರದ ಬಣ್ಣ ಸಿಗುತ್ತದೆ. ನೀಲಿ ಅಂದರೆ ಬಿಸಿ, ಕೆಂಪು ಅಂದರೆ ತಂಪು. ಹೊಳಪು ಹೇಗೂ ಫೋಟೊದಲ್ಲೇ ಇದೆ. ಅಡ್ಡಗೆರೆಯ ಮೇಲೆ ಬಣ್ಣ ಇಡಿ, ಎಡಕ್ಕೆ ನೀಲಿ, ಬಲಕ್ಕೆ ಕೆಂಪು. ನಿಂತ ಗೆರೆಯ ಮೇಲೆ ಹೊಳಪು ಇಡಿ, ಮೇಲೆ ಹೋದಷ್ಟೂ ಪ್ರಖರ. ಒಂದು ನಕ್ಷತ್ರಕ್ಕೆ ಒಂದು ಚುಕ್ಕೆ. ನೂರು ವರ್ಷಗಳಿಗೂ ಹಿಂದೆ ಹರ್ಟ್ಸ್‌ಸ್ಪ್ರುಂಗ್ ಮತ್ತು ರಸೆಲ್ ಎಂಬ ಇಬ್ಬರು ಖಗೋಳ ವಿಜ್ಞಾನಿಗಳು ಬೇರೆ ಬೇರೆಯಾಗಿ ಇಂಥ ಗ್ರಾಫ್ ಬರೆದಾಗ ಚುಕ್ಕೆಗಳು ಎಲ್ಲೆಂದರಲ್ಲಿ ಚೆಲ್ಲಿಕೊಳ್ಳಲಿಲ್ಲ. ಬಹುಪಾಲು ಚುಕ್ಕೆಗಳು ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಇಳಿಯುವ ಒಂದು ಪಟ್ಟಿಯಲ್ಲಿ ಕೂತವು. ಅದಕ್ಕೆ ಮುಖ್ಯ ಸರಣಿ ಅಂತ ಹೆಸರು. ಜಲಜನಕ ಉರಿಸುತ್ತಾ ಆರಾಮವಾಗಿರುವ ನಕ್ಷತ್ರಗಳ ಜಾಗ ಅದು. ತೂಕದವು ಮೇಲೆ, ಹಗುರಾದವು ಕೆಳಗೆ.

ಒಂದೇ ದಿನ ಹುಟ್ಟಿದ ನಕ್ಷತ್ರಗಳ ಗುಂಪನ್ನು ಈ ಗ್ರಾಫಿನಲ್ಲಿ ಇಟ್ಟು ಕಾಲ ಸರಿಯಲು ಬಿಡಿ. ಮೊದಲು ಪಟ್ಟಿಯ ಮೇಲ್ತುದಿ ಖಾಲಿಯಾಗುತ್ತದೆ. ಆಮೇಲೆ ಅದರ ಕೆಳಗಿನದು. ಮೇಣದ ಬತ್ತಿ ಮೇಲಿಂದ ಕರಗಿದ ಹಾಗೆ ಸರಣಿ ಗಿಡ್ಡವಾಗುತ್ತಾ ಬರುತ್ತದೆ. ಇಂಧನ ಮುಗಿದ ನಕ್ಷತ್ರ ಅಲ್ಲಿಂದ ಬಲಕ್ಕೆ ಹೊರಳುತ್ತದೆ, ಉಬ್ಬಿ ಕೆಂಪಾಗಿ, ಕೆಂಪು ದೈತ್ಯನಾಗಿ ಮೇಲಕ್ಕೇರುತ್ತದೆ. ಆದ್ದರಿಂದ ಗ್ರಾಫಿನಲ್ಲಿ ಒಂದು ಜಾಗದಲ್ಲಿ ಸರಣಿ ನಿಂತು ಬಲಕ್ಕೆ ತಿರುಗಿದ್ದು ಸ್ಪಷ್ಟವಾಗಿ ಕಾಣುತ್ತದೆ. ಆ ತಿರುವೇ ಗಡಿಯಾರ. ತಿರುವಿನಲ್ಲಿರುವ ನಕ್ಷತ್ರದ ಆಯುಷ್ಯ ಎಷ್ಟೋ, ಗುಂಪಿನ ವಯಸ್ಸು ಅಷ್ಟು. 1950ರ ದಶಕದ ಆರಂಭದಲ್ಲಿ ಅಲನ್ ಸ್ಯಾಂಡೇಜ್ ಎಂ 3 ಎಂಬ ಗೋಳಗುಚ್ಛದಲ್ಲಿ (ಚೆಂಡಿನ ಹಾಗೆ ಒತ್ತಾಗಿ ಸೇರಿರುವ ಹಳೆಯ ನಕ್ಷತ್ರಗಳ ಗುಂಪು) ಈ ತಿರುವಿನವರೆಗೂ ಇಳಿದು ನಕ್ಷತ್ರಗಳನ್ನು ಅಳೆದರು.

ನಕ್ಷತ್ರಗಳಲ್ಲಿ ಹಳೆಯ ಜನ, ಹೊಸ ಜನ ಅಂತ ಬೇರೆ ಬೇರೆ ಗುಂಪುಗಳಿವೆ ಅನ್ನುವುದು ಅದಕ್ಕೂ ಕೆಲವು ವರ್ಷ ಮೊದಲೇ ತಿಳಿದಿತ್ತು. ಆ ಕಥೆ ಎರಡನೇ ಮಹಾಯುದ್ಧದ ಕಾಲದ್ದು. ವಾಲ್ಟರ್ ಬಾಡೆ ಜರ್ಮನಿಯವರು, ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿದ್ದರು. ಶತ್ರು ದೇಶದ ಪ್ರಜೆ ಎಂಬ ಕಾರಣಕ್ಕೆ ಅವರನ್ನು ಯುದ್ಧದ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಉಳಿದವರೆಲ್ಲ ಆ ಕೆಲಸಕ್ಕೆ ಹೋದರು. 100 ಇಂಚಿನ ಟೆಲಿಸ್ಕೋಪ್ ಬಹುಪಾಲು ಇವರ ಕೈಗೇ ಸಿಕ್ಕಿತು. ದಾಳಿಯ ಭಯಕ್ಕೆ ಕೆಳಗಿನ ಲಾಸ್ ಏಂಜಲೀಸ್ ನಗರದ ದೀಪಗಳನ್ನು ಆರಿಸಿದ್ದರಿಂದ ಆಕಾಶ ಅಪರೂಪಕ್ಕೆ ಕಪ್ಪಾಗಿತ್ತು. ಆಂಡ್ರೊಮಿಡಾ ಗ್ಯಾಲಕ್ಸಿಯ ನಡುಭಾಗ ಅಲ್ಲಿಯತನಕ ಬರೀ ಮಸುಕು ಬೆಳಕಾಗಿ ಕಂಡಿತ್ತು. ಕೆಂಪು ಬೆಳಕಿಗೆ ಸ್ಪಂದಿಸುವ ಫೋಟೊ ಗಾಜುಗಳನ್ನು ಬಳಸಿ ಬಾಡೆ ಅದನ್ನು ಒಂದೊಂದು ನಕ್ಷತ್ರವಾಗಿ ಬಿಡಿಸಿ ನೋಡಿದರು. ಜೊತೆಗಿರುವ ಎಂ 32 ಮತ್ತು ಎನ್‌ಜಿಸಿ 205 ಎಂಬ ಪುಟ್ಟ ಗ್ಯಾಲಕ್ಸಿಗಳನ್ನೂ ಬಿಡಿಸಿದರು. ಅಲ್ಲಿ ಪ್ರಖರವಾಗಿದ್ದದ್ದು ಕೆಂಪು ದೈತ್ಯರು. ಸುರುಳಿ ತೋಳುಗಳಲ್ಲಿದ್ದದ್ದು ನೀಲಿ ನಕ್ಷತ್ರಗಳು. 1944ರಲ್ಲಿ ಅವರು ಇವನ್ನು ಒಂದನೇ ಮತ್ತು ಎರಡನೇ ಜನಸಮೂಹ ಎಂದು ಎರಡಾಗಿ ವಿಂಗಡಿಸಿದರು. ನೀಲಿಯವು ಹೊಸಬರು, ಕೆಂಪು ದೈತ್ಯರು ಹಳಬರು. ಇವತ್ತಿಗೆ ಈ ವಿಂಗಡಣೆ ತೀರಾ ಒರಟು. ಆದರೆ ಗ್ಯಾಲಕ್ಸಿಯನ್ನು ಒಂದು ಜನಸಮೂಹದ ಹಾಗೆ ನೋಡುವ ಕಣ್ಣು ಬಂದದ್ದು ಅಲ್ಲಿಂದ.

ಈಗ ಒಂದು ಗ್ಯಾಲಕ್ಸಿಯನ್ನು ಹತ್ತಿರದಿಂದ ನೋಡೋಣ. ಹೆಸರು ಕರೀನಾ. 1977ರಲ್ಲಿ ಗೊತ್ತಾದದ್ದು. ದೂರ ಮೂರು ಲಕ್ಷ ಜ್ಯೋತಿರ್ವರ್ಷಕ್ಕೂ ಹೆಚ್ಚು. ನಮ್ಮ ಆಕಾಶಗಂಗೆಯ ಸುತ್ತ ತಿರುಗುವ ಕುಬ್ಜ ಗ್ಯಾಲಕ್ಸಿಗಳಲ್ಲಿ ಇದೂ ಒಂದು. ಇದರ ಹಳೆಯ ನಕ್ಷತ್ರಗಳ ತಿರುವನ್ನು ಹಿಡಿಯಬೇಕಾದರೆ, ಬರಿಗಣ್ಣಿಗೆ ಕಾಣುವ ಅತಿ ಮಂಕು ನಕ್ಷತ್ರಕ್ಕಿಂತ ಕೋಟಿ ಪಟ್ಟಿಗೂ ಮೀರಿ ಮಂಕಾದ ಚುಕ್ಕೆಗಳನ್ನು ಅಳೆಯಬೇಕು. 1990ರ ದಶಕದಲ್ಲಿ ಹಾಗೆ ಅಳೆದಾಗ ಒಂದು ವಿಚಿತ್ರ ಕಂಡಿತು. ಗ್ರಾಫಿನಲ್ಲಿ ತಿರುವು ಒಂದಲ್ಲ, ಮೂರು. ಒಂದರ ಮೇಲೊಂದು, ನಡುವೆ ಜಾಗ ಬಿಟ್ಟು. ಕೆಳಗಿನ ತಿರುವು 1,000 ಕೋಟಿ ವರ್ಷ ದಾಟಿದ ನಕ್ಷತ್ರಗಳದ್ದು. ಅದರ ಮೇಲಿನದು ಹೆಚ್ಚುಕಡಿಮೆ ಅರ್ಧ ವಯಸ್ಸಿನವರದ್ದು. ಎಲ್ಲಕ್ಕಿಂತ ಮೇಲಿನದು ಇನ್ನೂ ಚಿಕ್ಕವರದ್ದು.

ಅಂದರೆ ಈ ಪುಟ್ಟ ಗ್ಯಾಲಕ್ಸಿ ಒಮ್ಮೆ ನಕ್ಷತ್ರ ಹುಟ್ಟಿಸಿ, ನೂರಾರು ಕೋಟಿ ವರ್ಷ ಸುಮ್ನೆ ಕೂತು, ಮತ್ತೆ ಹುಟ್ಟಿಸಿದೆ. ನಡುವಿನ ಆ ಖಾಲಿ ಜಾಗವನ್ನು ಗ್ರಾಫಿನಲ್ಲಿ ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಚುಕ್ಕೆಗಳಿಲ್ಲದ ಬಿಳಿ ಕಾಗದವೇ ಅಲ್ಲಿ ಚರಿತ್ರೆ ಹೇಳುತ್ತದೆ.

ಕರೀನಾದಲ್ಲಿ ಇನ್ನೂ ಒಂದು ಪಾಠ ಇದೆ. ಇಷ್ಟು ವಯಸ್ಸಿನ ಅಂತರ ಇದ್ದರೂ, ಅದರ ಕೆಂಪು ದೈತ್ಯರೆಲ್ಲ ಗ್ರಾಫಿನಲ್ಲಿ ಒಂದು ಸಣ್ಣ ಗೆರೆಯ ಹಾಗೆ ಒತ್ತಿಕೊಂಡು ನಿಂತಿವೆ. ತಿರುವನ್ನು ಕಾಣದೆ ಬರೀ ಮೇಲಿನ ಈ ಗೆರೆ ನೋಡಿದವರು ಎಲ್ಲವೂ ಒಂದೇ ವಯಸ್ಸಿನವು ಅಂತಲೇ ತಿಳಿಯುತ್ತಾರೆ. ಯಾಕೆ ಹೀಗೆ? ವಯಸ್ಸಾದ ಹಾಗೆ ಕೆಂಪು ದೈತ್ಯ ಹೆಚ್ಚು ಕೆಂಪಾಗುತ್ತದೆ. ಒಡಲಲ್ಲಿ ಕಬ್ಬಿಣದಂಥ ಭಾರದ ಧಾತು ಜಾಸ್ತಿ ಇದ್ದರೂ ಹೆಚ್ಚು ಕೆಂಪಾಗುತ್ತದೆ. ಕರೀನಾದ ಹಳಬರಲ್ಲಿ ವಯಸ್ಸು ಜಾಸ್ತಿ, ಧಾತು ಕಡಿಮೆ. ಹೊಸಬರಲ್ಲಿ ವಯಸ್ಸು ಕಡಿಮೆ, ಧಾತು ಜಾಸ್ತಿ. ಎರಡೂ ಸರಿದೂಗಿ ಒಂದೇ ಬಣ್ಣಕ್ಕೆ ಬಂದು ನಿಲ್ಲುತ್ತವೆ. ವಯಸ್ಸು ಮತ್ತು ಧಾತುಗಳ ಈ ಗೊಂದಲ ಈ ಕ್ಷೇತ್ರದವರನ್ನು ದಶಕಗಳಿಂದ ಕಾಡಿದೆ. ಬಿಡಿಸಿಕೊಳ್ಳುವ ದಾರಿ ಎರಡು. ಒಂದೋ ತಿರುವಿನವರೆಗೆ ಇಳಿದು ಅಳೆಯಬೇಕು, ಇಲ್ಲವೇ ನಕ್ಷತ್ರದ ರೋಹಿತ (ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದ ಪಟ್ಟಿ) ತೆಗೆದು ಧಾತುಗಳನ್ನು ನೇರವಾಗಿ ಲೆಕ್ಕ ಹಾಕಬೇಕು. ಎರಡನ್ನೂ ಮಾಡಿದರೆ ಒಳ್ಳೆಯದು.

ಎಲ್ಲ ಗ್ಯಾಲಕ್ಸಿಗಳೂ ಕರೀನಾದಷ್ಟು ಬಿಡಿಸಿ ಹೇಳುವುದಿಲ್ಲ. ಹೆಚ್ಚಿನವುಗಳಲ್ಲಿ ತಿರುವುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿರುತ್ತವೆ. ಆಗ ಕೆಲಸ ಕಂಪ್ಯೂಟರಿನದ್ದು. 1,300 ಕೋಟಿ ವರ್ಷದ ಗುಂಪು, 1,000 ಕೋಟಿಯದ್ದು, 500 ಕೋಟಿಯದ್ದು ಅಂತ ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಧಾತು ಪ್ರಮಾಣದ ಕೃತಕ ಗುಂಪುಗಳನ್ನು ಕಟ್ಟುತ್ತಾರೆ. ಒಂದೊಂದರಿಂದ ಎಷ್ಟೆಷ್ಟು ಪಾಲು ಬೆರೆಸಿದರೆ ನಿಜವಾದ ಗ್ರಾಫಿನಂಥದ್ದೇ ಗ್ರಾಫ್ ಬರುತ್ತದೆ ಎಂದು ಹುಡುಕುತ್ತಾರೆ. ಸರಿಹೊಂದಿದ ಪಾಲುಗಳೇ ಆ ಗ್ಯಾಲಕ್ಸಿಯ ನಕ್ಷತ್ರ ಹುಟ್ಟಿನ ಚರಿತ್ರೆ.

ಇದರಲ್ಲಿ ಒಂದು ಹಂತ ನನಗೆ ಬಹಳ ಇಷ್ಟ. ಮಂಕು ನಕ್ಷತ್ರಗಳು ಫೋಟೊದಲ್ಲಿ ತಪ್ಪಿಹೋಗುತ್ತವೆ. ಪಕ್ಕದ ಪ್ರಖರ ನಕ್ಷತ್ರದ ಬೆಳಕಲ್ಲಿ ಕೆಲವು ಮುಳುಗುತ್ತವೆ, ಎರಡು ಸೇರಿ ಒಂದಾಗಿ ಕಾಣುತ್ತವೆ. ಎಷ್ಟು ತಪ್ಪಿವೆ ಅಂತ ತಿಳಿಯುವುದು ಹೇಗೆ? ತಾವೇ ಸುಳ್ಳು ನಕ್ಷತ್ರಗಳನ್ನು ಫೋಟೊದೊಳಗೆ ಸೇರಿಸುತ್ತಾರೆ. ಸಾವಿರಗಟ್ಟಲೆ, ಲಕ್ಷಗಟ್ಟಲೆ. ಎಲ್ಲಿಟ್ಟೆವು, ಎಷ್ಟು ಹೊಳಪಿಟ್ಟೆವು ಅಂತ ಬರೆದಿಟ್ಟುಕೊಳ್ಳುತ್ತಾರೆ. ಆಮೇಲೆ ನಿಜವಾದ ನಕ್ಷತ್ರಗಳನ್ನು ಹುಡುಕಿದ ಅದೇ ಪ್ರೋಗ್ರಾಮನ್ನು ಮತ್ತೆ ಓಡಿಸುತ್ತಾರೆ. ಇಟ್ಟದ್ದರಲ್ಲಿ ಎಷ್ಟು ಸಿಕ್ಕವು, ಎಷ್ಟು ಕಳೆದವು, ಸಿಕ್ಕವುಗಳ ಹೊಳಪು ಎಷ್ಟು ಆಚೀಚೆ ಆಯಿತು ಎಂಬುದೇ ತಪ್ಪಿನ ಅಳತೆ. ಇಂಥ ಪ್ರಾಮಾಣಿಕ ಕೆಲಸ ಹಿಂದೆ ಇರುವುದರಿಂದಲೇ ಕೊನೆಯ ಉತ್ತರವನ್ನು ನಂಬಬಹುದು.

ಆದರೂ ಮಿತಿಗಳಿವೆ. ವಯಸ್ಸಾದಷ್ಟೂ ಈ ಗಡಿಯಾರದ ಮುಳ್ಳು ನಿಧಾನ. 1,200 ಕೋಟಿ ಮತ್ತು 1,300 ಕೋಟಿ ವರ್ಷದ ಗುಂಪುಗಳ ತಿರುವಿನ ಹೊಳಪಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ವ್ಯತ್ಯಾಸ. ಗ್ಯಾಲಕ್ಸಿಯ ದೂರವನ್ನು ನೂರಕ್ಕೆ ಐದರಷ್ಟು ತಪ್ಪಾಗಿ ಅಳೆದರೂ ಹೊಳಪಿನ ಲೆಕ್ಕ ಅಷ್ಟೇ ತಪ್ಪುತ್ತದೆ. ವಯಸ್ಸಿನಲ್ಲಿ 100 ಕೋಟಿ ವರ್ಷ ಏರುಪೇರು. ಇನ್ನೊಂದು ಮೋಸ, ನೀಲಿ ಅಲೆಮಾರಿಗಳು ಅನ್ನಬಹುದಾದ ನಕ್ಷತ್ರಗಳದ್ದು. ಜೋಡಿ ನಕ್ಷತ್ರಗಳಲ್ಲಿ ಒಂದು ಇನ್ನೊಂದರ ಅನಿಲವನ್ನು ಎಳೆದುಕೊಂಡು, ಅಥವಾ ಎರಡೂ ಕೂಡಿಕೊಂಡು, ಮತ್ತೆ ತೂಕ ಪಡೆದು ನೀಲಿಯಾಗುತ್ತವೆ. ಗ್ರಾಫಿನಲ್ಲಿ ಅವು ತಿರುವಿನ ಮೇಲೆ, ಹೊಸ ನಕ್ಷತ್ರ ಇರಬೇಕಾದ ಜಾಗದಲ್ಲೇ ಕೂರುತ್ತವೆ. ಅವನ್ನು ಹೊಸಬರು ಅಂತ ಎಣಿಸಿದರೆ ಚರಿತ್ರೆಯೇ ಬದಲಾಗುತ್ತದೆ.

ದೂರದ ಗ್ಯಾಲಕ್ಸಿಗಳಲ್ಲಿ ನಕ್ಷತ್ರಗಳನ್ನು ಬಿಡಿಸಿ ನೋಡಲಾಗದು. ಅಲ್ಲಿ ಎಲ್ಲದರ ಒಟ್ಟು ಬೆಳಕು ಮಾತ್ರ ಸಿಗುತ್ತದೆ. ಅದರಿಂದ ಒಳಗಿರುವ ಜನ ಯಾರು ಅಂತ ಊಹಿಸುವ ವಿಧಾನಕ್ಕೆ ಗಟ್ಟಿ ಬುನಾದಿ ಹಾಕಿದವರು ಬಿಯಾಟ್ರಿಸ್ ಟಿನ್ಸ್‌ಲಿ. 1981ರಲ್ಲಿ, 40ನೇ ವಯಸ್ಸಿಗೇ ತೀರಿಕೊಂಡರು. ಗ್ಯಾಲಕ್ಸಿಗಳು ಬದಲಾಗದೆ ಹಾಗೇ ಇರುತ್ತವೆ ಎಂದು ಹಲವರು ಭಾವಿಸಿದ್ದ ಕಾಲದಲ್ಲಿ, ನಕ್ಷತ್ರಗಳಿಗೆ ವಯಸ್ಸಾದಂತೆ ಗ್ಯಾಲಕ್ಸಿಯ ಬಣ್ಣ, ಹೊಳಪು ಎರಡೂ ಬದಲಾಗಲೇಬೇಕು ಎಂದು ಲೆಕ್ಕ ಹಾಕಿ ತೋರಿಸಿದರು. ಈ ವಿಧಾನದ ಕಷ್ಟ ಏನೆಂದರೆ, ಬೆರಳೆಣಿಕೆಯ ಹೊಸ ನೀಲಿ ನಕ್ಷತ್ರಗಳು ಸಾವಿರಾರು ಹಳೆಯ ನಕ್ಷತ್ರಗಳ ಬೆಳಕನ್ನು ಮುಚ್ಚಿಬಿಡುತ್ತವೆ. ಮಂಕು ಗ್ಯಾಲಕ್ಸಿಯಲ್ಲಂತೂ ಒಂದೆರಡು ಭಾರಿ ನಕ್ಷತ್ರ ಇದ್ದರೆ ಒಂದು ಉತ್ತರ, ಇಲ್ಲದಿದ್ದರೆ ಇನ್ನೊಂದು. ಹಾಗಾಗಿ, ನನ್ನ ಮಟ್ಟಿಗೆ, ತಿರುವು ಕಂಡ ಒಂದು ಪುಟ್ಟ ಗ್ಯಾಲಕ್ಸಿ ಒಟ್ಟು ಬೆಳಕು ಮಾತ್ರ ಸಿಕ್ಕ ಹತ್ತು ದೊಡ್ಡ ಗ್ಯಾಲಕ್ಸಿಗಳಿಗೆ ಸಮ.

ರೋಹಿತದ ಮಾತು ಮೇಲೆ ಬಂತು. ಅದು ಇನ್ನೊಂದು ಗಡಿಯಾರ. ಭಾರಿ ನಕ್ಷತ್ರಗಳು ಬೇಗ ಸಿಡಿದು ಆಮ್ಲಜನಕ, ಮೆಗ್ನೀಸಿಯಂನಂಥ ಧಾತುಗಳನ್ನು ಚೆಲ್ಲುತ್ತವೆ. ಬಿಳಿ ಕುಬ್ಜ ನಕ್ಷತ್ರಗಳು, ಅಂದರೆ ಸೂರ್ಯನಂಥ ನಕ್ಷತ್ರಗಳು ಸತ್ತ ಮೇಲೆ ಉಳಿಯುವ ತಿರುಳುಗಳು, ತಡವಾಗಿ ಸಿಡಿದು ಹೇರಳವಾಗಿ ಕಬ್ಬಿಣ ಕೊಡುತ್ತವೆ. ಒಂದು ಗ್ಯಾಲಕ್ಸಿಯ ನಕ್ಷತ್ರಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಮೆಗ್ನೀಸಿಯಂ ಕೊನೆವರೆಗೂ ಜಾಸ್ತಿಯೇ ಇದ್ದರೆ, ಬಿಳಿ ಕುಬ್ಜಗಳು ಸಿಡಿಯುವ ಮೊದಲೇ ಅಲ್ಲಿ ನಕ್ಷತ್ರಗಳ ಹುಟ್ಟು ನಿಂತಿದೆ ಎಂದರ್ಥ. ಸೆಗ್ಯೂ 1ರಲ್ಲಿ ಕಂಡದ್ದು ಇದೇ. ಅಲ್ಲಿನ ಕೆಲವು ನಕ್ಷತ್ರಗಳಲ್ಲಿ ಸೂರ್ಯನಲ್ಲಿರುವ ಕಬ್ಬಿಣದ ಸಾವಿರದಲ್ಲೊಂದು ಪಾಲೂ ಇಲ್ಲ.

ರೆಟಿಕ್ಯುಲಮ್ 2 ಎಂಬ ಇನ್ನೊಂದು ಅತಿ ಮಂಕು ಗ್ಯಾಲಕ್ಸಿ 2015ರಲ್ಲಿ ಸಿಕ್ಕಿತು. ಅದರ ಅತಿ ಪ್ರಖರವಾದ ಒಂಬತ್ತು ನಕ್ಷತ್ರಗಳ ರೋಹಿತ ತೆಗೆದರೆ, ಏಳರಲ್ಲಿ ಯೂರೋಪಿಯಂನಂಥ ತೂಕದ ಧಾತುಗಳು ವಿಪರೀತ ಪ್ರಮಾಣದಲ್ಲಿದ್ದವು. ಬೇರೆ ಅತಿ ಮಂಕು ಗ್ಯಾಲಕ್ಸಿಗಳಲ್ಲಿ ಅವು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇದರ ಅರ್ಥ, ಅಲ್ಲಿ ಬಹಳ ಹಿಂದೆ ಒಂದೇ ಒಂದು ಅಪರೂಪದ ಘಟನೆ ನಡೆದಿದೆ. ಎರಡು ನ್ಯೂಟ್ರಾನ್ ನಕ್ಷತ್ರಗಳ (ಭಾರಿ ನಕ್ಷತ್ರ ಸಿಡಿದ ಮೇಲೆ ಉಳಿಯುವ ಅತಿ ಗಟ್ಟಿ ತಿರುಳುಗಳ) ಡಿಕ್ಕಿ ಇರಬಹುದು. ಚಿನ್ನ ಹುಟ್ಟುವುದೂ ಇಂಥ ಘಟನೆಗಳಲ್ಲೇ. ದೊಡ್ಡ ಗ್ಯಾಲಕ್ಸಿಯಲ್ಲಿ ಈ ಗುರುತು ಸಾವಿರಾರು ಸ್ಫೋಟಗಳ ನಡುವೆ ಕಳೆದುಹೋಗುತ್ತಿತ್ತು. ಪುಟ್ಟದರಲ್ಲಿ ಅದು ಅಚ್ಚೊತ್ತಿದ ಹಾಗೆ ಉಳಿದಿದೆ.

ಇನ್ನು ಈ ಚರಿತ್ರೆಗಳೆಲ್ಲ ಸೇರಿ ಏನು ಹೇಳುತ್ತವೆ ಎಂಬ ಪ್ರಶ್ನೆ. ಹಬಲ್ ಟೆಲಿಸ್ಕೋಪಿನಲ್ಲಿ ಆರು ಅತಿ ಮಂಕು ಗ್ಯಾಲಕ್ಸಿಗಳ ತಿರುವನ್ನು ಬಹಳ ಎಚ್ಚರದಿಂದ ಅಳೆದ ಫಲಿತಾಂಶ 2014ರಲ್ಲಿ ಬಂತು. ಬೂಟೀಸ್ 1, ಹರ್ಕ್ಯುಲಿಸ್, ಲಿಯೋ 4 ಮುಂತಾದವು. ಆರರ ಕಥೆಯೂ ಒಂದೇ ಥರ. ನಕ್ಷತ್ರಗಳಲ್ಲಿ ನೂರಕ್ಕೆ 80ರಷ್ಟು 1,280 ಕೋಟಿ ವರ್ಷಗಳ ಹಿಂದೆಯೇ ಹುಟ್ಟಿ ಮುಗಿದಿದ್ದವು ಎಂಬುದಕ್ಕೆ ಅವೆಲ್ಲ ಹೊಂದುತ್ತವೆ. ಮುಂದಿನ ನೂರಿನ್ನೂರು ಕೋಟಿ ವರ್ಷಗಳಲ್ಲಿ ಎಲ್ಲವೂ ಸಂಪೂರ್ಣ ನಿಂತಿತ್ತು.

ಆ ಕಾಲಕ್ಕೆ ವಿಶ್ವದಲ್ಲಿ ಒಂದು ದೊಡ್ಡ ಬದಲಾವಣೆ ನಡೆದಿತ್ತು. ಮೊದಲ ತಲೆಮಾರುಗಳ ನಕ್ಷತ್ರಗಳಿಂದ ಹೊರಟ ಅತಿನೇರಳೆ ಬೆಳಕು ಎಲ್ಲೆಡೆ ಹರಡಿದ್ದ ತಣ್ಣಗಿನ ಜಲಜನಕವನ್ನು ಒಡೆದು ಅಯಾನುಗಳನ್ನಾಗಿ ಮಾಡಿತು. ಅನಿಲ ಹತ್ತು ಸಾವಿರ ಡಿಗ್ರಿಯ ಮಟ್ಟಕ್ಕೆ ಕಾಯಿತು. ಕಾದ ಅನಿಲವನ್ನು ದೊಡ್ಡ ಗ್ಯಾಲಕ್ಸಿ ತನ್ನ ಸೆಳೆತದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಪುಟ್ಟದಕ್ಕೆ ಆ ಬಲ ಇಲ್ಲ. ಸೆಗ್ಯೂ 1ರ ನಕ್ಷತ್ರಗಳು ಓಡಾಡುವ ವೇಗವೇ ಸೆಕೆಂಡಿಗೆ ಸುಮಾರು 4 ಕಿಲೋಮೀಟರ್. ಕಾದ ಜಲಜನಕದ ಕಣಗಳು ಅದಕ್ಕಿಂತ ಜೋರಾಗಿ ಓಡುತ್ತವೆ. ಹೊಸ ಅನಿಲ ಒಳಗೆ ಬರಲಿಲ್ಲ, ಇದ್ದದ್ದು ಉಳಿಯಲಿಲ್ಲ. ಒಳಗಿನ ಸೂಪರ್‌ನೋವಾಗಳೇ, ಅಂದರೆ ಸಿಡಿಯುವ ನಕ್ಷತ್ರಗಳೇ, ಅನಿಲವನ್ನು ಊದಿ ಹೊರಗೆಸೆದವು ಎಂಬ ವಾದವೂ ಇದೆ, ಅದರ ಪಾಲೂ ಇರಬೇಕು. ಆದರೆ ಬೇರೆ ಬೇರೆ ಜಾಗದಲ್ಲಿರುವ ಆರು ಗ್ಯಾಲಕ್ಸಿಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಸುಮ್ಮನಾಗಬೇಕಾದರೆ ಎಲ್ಲಕ್ಕೂ ತಟ್ಟಿದ ಒಂದೇ ಕಾರಣ ಇರಬೇಕು ಅನ್ನುವುದು ನನಗೆ ಹೆಚ್ಚು ಸರಿ ಕಾಣುತ್ತದೆ.

ತುಸು ದೊಡ್ಡವು ಬದುಕುಳಿದ ರೀತಿ ಇನ್ನೂ ಸ್ವಾರಸ್ಯ. ಲಿಯೋ ಎ ಎಂಬ ಒಂಟಿ ಕುಬ್ಜ ಗ್ಯಾಲಕ್ಸಿಯ ನಕ್ಷತ್ರಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಕಳೆದ 800 ಕೋಟಿ ವರ್ಷಗಳಲ್ಲಿ ಹುಟ್ಟಿದವು. ಆರಂಭದಲ್ಲಿ ಒಂದಿಷ್ಟು ಹುಟ್ಟಿಸಿ, ದೀರ್ಘ ಕಾಲ ತೂಕಡಿಸಿ, ಆಮೇಲೆ ಎದ್ದಿದೆ. ಲಿಯೋ ಪಿ ಎಂಬುದು 50 ಲಕ್ಷ ಜ್ಯೋತಿರ್ವರ್ಷಕ್ಕೂ ಆಚೆಗಿದೆ. ಅಷ್ಟು ದೂರದ ಹಳೆಯ ತಿರುವನ್ನು ಮುಟ್ಟಲು ಜೇಮ್ಸ್ ವೆಬ್ ಟೆಲಿಸ್ಕೋಪೇ ಬೇಕಾಯಿತು. ಅಲ್ಲಿಯೂ ಅದೇ ಕಥೆ, ಮೊದಲೊಂದಿಷ್ಟು ನಕ್ಷತ್ರ, ನೂರಾರು ಕೋಟಿ ವರ್ಷಗಳ ಮೌನ, ಮತ್ತೆ ಶುರು. ಆಕಾಶಗಂಗೆಯಂಥ ದೊಡ್ಡ ನೆರೆಯಿಂದ ದೂರ ಇದ್ದದ್ದೇ ಇವುಗಳ ಪುಣ್ಯ. ಹತ್ತಿರ ಬಂದ ಪುಟ್ಟ ಗ್ಯಾಲಕ್ಸಿಯ ಅನಿಲವನ್ನು ದೊಡ್ಡದರ ಸುತ್ತಲಿನ ಬಿಸಿ ಅನಿಲ ಸವರಿ ತೆಗೆದುಬಿಡುತ್ತದೆ.

ಬೇಗ ಆರಿಹೋದ ಅತಿ ಮಂಕು ಗ್ಯಾಲಕ್ಸಿಗಳು ಮತ್ತು ಬದುಕುಳಿದ ಈ ದೊಡ್ಡವುಗಳ ನಡುವೆ ನಿಂತಿರುವುದು ಲಿಯೋ ಟಿ. 2007ರಲ್ಲಿ ಗೊತ್ತಾಯಿತು. ಅತಿ ಮಂಕು ಗ್ಯಾಲಕ್ಸಿಗಳ ಸಾಲಿಗೇ ಸೇರುವಷ್ಟು ಚಿಕ್ಕದು. ಲೆಕ್ಕದ ಪ್ರಕಾರ ಅದು ಎಂದೋ ಆರಿಹೋಗಬೇಕಿತ್ತು. ಆದರೆ ಅದರ ಗ್ರಾಫಿನಲ್ಲಿ ಹಳೆಯ ಕೆಂಪು ದೈತ್ಯರ ಪಕ್ಕದಲ್ಲೇ ನೂರು ಕೋಟಿ ವರ್ಷವೂ ತುಂಬದ ನೀಲಿ ನಕ್ಷತ್ರಗಳಿವೆ. ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೋ ಟೆಲಿಸ್ಕೋಪ್ ಮತ್ತು ನೆದರ್ಲೆಂಡ್ಸಿನ ವೆಸ್ಟರ್ಬೋರ್ಕ್ ಟೆಲಿಸ್ಕೋಪ್ ಅದರತ್ತ ತಿರುಗಿದಾಗ, ಲಕ್ಷಗಟ್ಟಲೆ ಸೂರ್ಯರಷ್ಟು ಜಲಜನಕ ಸಿಕ್ಕಿತು. ಅದರಲ್ಲಿ ಒಂದು ಪಾಲು ತಣ್ಣಗಿದೆ. ಆಕಾಶಗಂಗೆಯಿಂದ 13 ಲಕ್ಷ ಜ್ಯೋತಿರ್ವರ್ಷದಷ್ಟು ದೂರದಲ್ಲಿ, ಅನಿಲವನ್ನು ಯಾರೂ ಸವರಿಕೊಂಡು ಹೋಗದ ಜಾಗದಲ್ಲಿ, ಆ ತಣ್ಣಗಿನ ಮೋಡ ಇನ್ನೂ ಹಾಗೇ ಇದೆ.